ಫ್ರೇಸಿಯರ್: ಇಪ್ಪತ್ತು ವರ್ಷ ಬಾಳಿದ ಪಾತ್ರ, 37 ಎಮ್ಮಿಗಳ ಧಾರಾವಾಹಿ

ಒಂದು ಮನೆ, ಒಂದು ಕಚೇರಿ ಮತ್ತು ಸ್ವಭಾವ ಬದಲಿಸದ ನಾಲ್ಕಾರು ಪಾತ್ರಗಳನ್ನು ಇಟ್ಟುಕೊಂಡು, ವಾರಕ್ಕೊಂದು ಪೇಚನ್ನು ಹೆಣೆದು ಅರ್ಧ ಗಂಟೆಯೊಳಗೆ ಬಿಡಿಸುವ ಹಾಸ್ಯ ಧಾರಾವಾಹಿಗೆ ಟೆಲಿವಿಷನ್ ಲೋಕದಲ್ಲಿ ಸಿಟ್ಕಾಂ ಎಂದು ಹೆಸರು. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1993ರಿಂದ 2004ರವರೆಗೆ 11 ಸೀಸನ್‌ಗಳಲ್ಲಿ 264 ಕಂತುಗಳಾಗಿ ಪ್ರಸಾರವಾದ ‘ಫ್ರೇಸಿಯರ್’ ಈ ಪ್ರಕಾರದ ಅತ್ಯಂತ ಪುರಸ್ಕೃತ ಕೃತಿಗಳಲ್ಲಿ ಒಂದಾಗಿದ್ದು, ಅದು ಗಳಿಸಿದ ಎಮ್ಮಿ ಪ್ರಶಸ್ತಿಗಳ ಸಂಖ್ಯೆ 37. ಕಥಾಧಾರಿತ ಸರಣಿಗಳ ಪೈಕಿ ಅತ್ಯಧಿಕವೆನಿಸಿದ್ದ ಈ ಲೆಕ್ಕವನ್ನು 2016ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ದಾಟಿತು.

1949ರಲ್ಲಿ ಮೊದಲ ಬಾರಿಗೆ ಪ್ರದಾನವಾದ ಎಮ್ಮಿ, ಟೆಲಿವಿಷನ್ ಕಲಾವಿದರು ಮತ್ತು ತಂತ್ರಜ್ಞರ ಅಕಾಡೆಮಿ ನೀಡುವ ಗೌರವ. ಅದರ ಸದಸ್ಯರು ವೃತ್ತಿನಿರತರೇ ಆಗಿರುವುದರಿಂದ, ಕಸುಬು ಬಲ್ಲವರು ತಮ್ಮ ಜೊತೆಗಾರರ ಕೆಲಸವನ್ನು ತೂಗಿ ನೋಡಿ ಕೊಡುವ ಮನ್ನಣೆ ಎಂಬ ಘನತೆ ಅದಕ್ಕಿದೆ.

ಮನೋವೈದ್ಯ ಫ್ರೇಸಿಯರ್ ಕ್ರೇನ್ ಹುಟ್ಟಿದ್ದು ಈ ಧಾರಾವಾಹಿಯಲ್ಲಲ್ಲ. ಬಾಸ್ಟನ್ನಿನ ಮದ್ಯದಂಗಡಿಯೊಂದರ ಸುತ್ತ ಹೆಣೆದ ‘ಚಿಯರ್ಸ್’ಗೆ 1984ರಲ್ಲಿ ಕೆಲ್ಸಿ ಗ್ರಾಮರ್ ಈ ಪಾತ್ರವಾಗಿ ಕಾಲಿಟ್ಟರು. ಆ ಸರಣಿ ಮುಗಿದ ಮೇಲೆ ಡೇವಿಡ್ ಏಂಜೆಲ್, ಪೀಟರ್ ಕೇಸಿ, ಡೇವಿಡ್ ಲೀ ಅವರು ಪಾತ್ರವನ್ನು ಸಿಯಾಟಲ್ ನಗರಕ್ಕೆ ಕರೆತಂದು, ರೇಡಿಯೊದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ, ಆದರೆ ಗುಂಡೇಟಿನಿಂದ ಕಾಲು ಸೋತ ನಿವೃತ್ತ ಪೊಲೀಸ್ ತಂದೆಯೊಡನೆ ಒಂದೇ ಸೂರಿನಡಿ ಹೊಂದಿಕೊಳ್ಳಲಾರದೆ ತಡಕಾಡುವ ಮಗನನ್ನಾಗಿ ಅವನನ್ನು ಬೆಳೆಸಿದರು. ಹೀಗೆ ಗ್ರಾಮರ್ ಒಂದೇ ಪಾತ್ರವನ್ನು ಇಪ್ಪತ್ತು ವರ್ಷ ಧರಿಸಿದರು.

ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು, ಹಲವು ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಸೆರೆಹಿಡಿಯುವ ಈ ಬಗೆಯ ಚಿತ್ರೀಕರಣದಲ್ಲಿ ನಟನೆಗೆ ರಂಗಭೂಮಿಯ ಶಿಸ್ತು ಬೇಕಾಗುತ್ತದೆ. ನಗು ಎಷ್ಟು ಹೊತ್ತು ನಿಲ್ಲುವುದೆಂದು ಅಂದಾಜಿಸಿ, ಅದು ಇಳಿಯುವ ಕ್ಷಣಕ್ಕೆ ಸರಿಯಾಗಿ ಮುಂದಿನ ಮಾತನ್ನು ಎತ್ತಿಕೊಳ್ಳಬೇಕು. ಜೂಲಿಯಾರ್ಡ್ ಶಾಲೆಯಲ್ಲಿ ಕಲಿತ ಗ್ರಾಮರ್ ತಮ್ಮ ತುಂಬುಕಂಠದಿಂದ ಪಾತ್ರದ ಗತ್ತನ್ನು ಎಷ್ಟು ಎತ್ತರಕ್ಕೆ ಒಯ್ಯುತ್ತಿದ್ದರೆಂದರೆ, ಆ ಗತ್ತು ಕುಸಿಯುವಾಗ ನಗುವಿನ ಜೊತೆಗೆ ಕನಿಕರವೂ ಮೂಡುತ್ತಿತ್ತು. ಆದರೂ ಅವರ ನಿಜವಾದ ಹಿರಿಮೆ ಇರುವುದು ಸಂಯಮದಲ್ಲಿ: ನಾಯಕ ನಟನಾಗಿದ್ದೂ ತಮ್ಮನ ಪಾತ್ರದ ಡೇವಿಡ್ ಹೈಡ್ ಪಿಯರ್ಸ್‌ಗೆ ನಗುವಿನ ದೊಡ್ಡ ಪಾಲನ್ನು ಬಿಟ್ಟುಕೊಟ್ಟು, ತಾವು ಕೇಳುವವರಾಗಿ ನಿಲ್ಲುವುದನ್ನು ಅವರು ಅರಿತಿದ್ದರು.

ಧಾರಾವಾಹಿ 1994ರಿಂದ 1998ರವರೆಗೆ ಸತತ ಐದು ಸಲ ಶ್ರೇಷ್ಠ ಹಾಸ್ಯ ಸರಣಿಯೆನಿಸಿತು; ಈ ಸಾಧನೆಯನ್ನು ‘ಮಾಡರ್ನ್ ಫ್ಯಾಮಿಲಿ’ ಸರಿಗಟ್ಟಿದ್ದು 2014ರಲ್ಲಿ. ಗ್ರಾಮರ್‌ಗೆ ಶ್ರೇಷ್ಠ ಹಾಸ್ಯನಟ ಪ್ರಶಸ್ತಿ 1994, 1995, 1998 ಮತ್ತು 2004ರಲ್ಲಿ ಬಂದರೆ, ನಡುವೆ 1996, 1997, 1999ರಲ್ಲಿ ಅದು ಜಾನ್ ಲಿತ್‌ಗೋ ಪಾಲಾಯಿತು. ಹಾಸ್ಯ ಸರಣಿಯ ನಾಯಕ ನಟನಾಗಿ ನಾಲ್ಕು ಎಮ್ಮಿ ಪಡೆದವರ ಕಿರುಪಂಕ್ತಿಯಲ್ಲಿ ಗ್ರಾಮರ್ ಜೊತೆ ಕ್ಯಾರೊಲ್ ಓಕಾನರ್, ಮೈಕೆಲ್ ಜೆ. ಫಾಕ್ಸ್ ಮತ್ತು ಜಿಮ್ ಪಾರ್ಸನ್ಸ್ ಇದ್ದಾರೆ. 2004ರ ಗೆಲುವಿಗೆ ವಿಶೇಷ ತೂಕವಿದೆ. ಸರಣಿ ಪ್ರಶಸ್ತಿ ಆ ವೇಳೆಗೆ ಬೇರೆಯವರ ಕೈಸೇರಿ ಐದು ವರ್ಷವಾಗಿದ್ದರೂ, ಕೊನೆಯ ಸೀಸನ್ನಿಗಾಗಿ ಗ್ರಾಮರ್ ಮತ್ತು ಪಿಯರ್ಸ್ ಇಬ್ಬರೂ ಪುರಸ್ಕೃತರಾದರು. ಹೊಸತನ ತೀರಿದ ಮೇಲೂ ಪಾತ್ರವನ್ನು ಸವೆಯಗೊಡದಿರುವುದು ಎಂಥ ಕಷ್ಟವೆಂಬುದನ್ನು ಸಹೋದ್ಯೋಗಿಗಳು ಗುರುತಿಸಿದ್ದಕ್ಕೆ ಇದು ಸಾಕ್ಷಿ.

ತಂದೆಯ ಪಾತ್ರವನ್ನು ಅಷ್ಟೇ ಗಟ್ಟಿಯಾಗಿ ಕಟ್ಟಿದ ಜಾನ್ ಮಹೋನಿಗೆ ಮಾತ್ರ ಎಮ್ಮಿ ದಕ್ಕಲೇ ಇಲ್ಲ. ಅಕಾಡೆಮಿಯ ದಾಖಲೆಯಲ್ಲಿ ಇದು ದೊಡ್ಡ ಕೊರತೆ. ಇಡೀ ನಟವರ್ಗಕ್ಕೆ ಒಟ್ಟಾಗಿ ಸಲ್ಲುವ ಸ್ಕ್ರೀನ್ ಆಕ್ಟರ್ಸ್ ಗಿಲ್ಡ್ ಪ್ರಶಸ್ತಿ 2000ದಲ್ಲಿ ‘ಫ್ರೇಸಿಯರ್’ ತಂಡಕ್ಕೆ ಬಂದಾಗ, ಗ್ರಾಮರ್ ಹಾಗೂ ಪಿಯರ್ಸ್ ಜೊತೆ ಮಹೋನಿ, ಜೇನ್ ಲೀವ್ಸ್, ಪೆರಿ ಗಿಲ್ಪಿನ್ ಅದನ್ನು ಸಮನಾಗಿ ಹಂಚಿಕೊಂಡರು.