ಲದ್ದಿ ಬಾಚಲು ದುಡ್ಡು ಕೊಡುತ್ತಾರೆ!

‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ನಮ್ಮಲ್ಲಿದೆ. ನಾನು ಕುದುರೆಯನ್ನು ಹತ್ತಿರದಿಂದ ಕಂಡದ್ದು ಅರುವತ್ತೆರಡನೆಯ ವಯಸ್ಸಿನಲ್ಲಿ, ಅದೂ ಇಂಗ್ಲೆಂಡಿನಲ್ಲಿ. ಕಾಲುನೋವು ಬರಲಿಲ್ಲ. ಸೊಂಟನೋವು ಬಂತು. ಲದ್ದಿ ಬಾಚಿ!

2023ರ ಮೇ ತಿಂಗಳಲ್ಲಿ ನಾನೂ ಮನೆಯವಳೂ ಮಗಳಲ್ಲಿಗೆ ಹೋಗಿದ್ದೆವು. ಅವಳಿಗೆ ಲೆಸ್ಟರ್ ಪೇಟೆಯಲ್ಲಿ ಕೆಲಸ. ನಾಲ್ಕು ವಾರ ಮನೆ ಬಿಡುವುದೆಂದರೆ ತೋಟದವರಿಗೆ ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಿಲ್ಲ. ತೋಟಕ್ಕೆ ನೀರು ಬಿಡಲು ಜನ ಸಿಕ್ಕಿತು. ಹಟ್ಟಿಯಲ್ಲಿ ಕರೆಯುವ ದನ ಒಂದಿತ್ತಲ್ಲ, ಅದಕ್ಕೇನು ಮಾಡುವುದು? ಕೊನೆಗೆ ಆಚೆಮನೆಯವರು “ನೀವು ಹೋಗಿ ಬನ್ನಿ, ನಾವು ನೋಡಿಕೊಳ್ತೇವೆ” ಅಂದರು. ಆದರೂ ಹೊರಡುವ ಮೊದಲೇ ಮನೆಯವಳು ತೀರ್ಮಾನ ಹೇಳಿಯಾಗಿತ್ತು. “ಬಂದ ಮೇಲೆ ಈ ದನ ಕೊಟ್ಟುಬಿಡುವ. ಇನ್ನು ನನ್ನ ಮೊಣಕಾಲು ಕೇಳುವುದಿಲ್ಲ.” ನಾನೂ ಹೂಂ ಅಂದಿದ್ದೆ.

ಕುದುರೆಯಲ್ಲಿ ಪಾಲು

ಮಗಳು ಅಲ್ಲಿ ಒಂದು ಕುದುರೆಯ ಪಾಲುಗಾರ್ತಿ. ಇದನ್ನು ಫೋನಿನಲ್ಲಿ ಹೇಳಿದಾಗ ನನಗೆ ಅರ್ಥವೇ ಆಗಿರಲಿಲ್ಲ. ಜಾಗದಲ್ಲಿ ಪಾಲು ಗೊತ್ತು, ಬಾವಿಯಲ್ಲಿ ಪಾಲು ಗೊತ್ತು, ಜೀವ ಇರುವ ಕುದುರೆಯಲ್ಲಿ ಎಂಥ ಪಾಲು?

ವ್ಯವಸ್ಥೆ ಹೀಗೆ: ಕುದುರೆ ಒಬ್ಬರದ್ದು. ಅವರಿಗೆ ದಿನವೂ ಬರಲು ಪುರುಸೊತ್ತಿಲ್ಲ, ಖರ್ಚೂ ಭಾರ. ಇನ್ನೊಬ್ಬರಿಗೆ ಕುದುರೆಯ ಆಸೆ ಇದೆ, ಸ್ವಂತ ಸಾಕುವ ತಾಕತ್ತಿಲ್ಲ. ಇಬ್ಬರೂ ಸೇರಿ ವಾರದ ದಿನಗಳನ್ನು ಹಂಚಿಕೊಳ್ಳುತ್ತಾರೆ. ಮಗಳಿಗೆ ಬುಧವಾರ, ಶನಿವಾರ, ಭಾನುವಾರ. ಆ ದಿನಗಳಲ್ಲಿ ಸವಾರಿಯೂ ಅವಳದ್ದೇ, ಚಾಕರಿಯೂ ಅವಳದ್ದೇ. ಅದರ ಮೇಲೆ ವಾರಕ್ಕೆ 30 ಪೌಂಡ್, ಎಂದರೆ ಆಗಿನ ಲೆಕ್ಕದಲ್ಲಿ ನಮ್ಮ ಮೂರು ಸಾವಿರ ರೂಪಾಯಿ, ಖರ್ಚಿನ ಪಾಲು. “ಲದ್ದಿ ಬಾಚುವುದೂ ನೀನು, ದುಡ್ಡು ಕೊಡುವುದೂ ನೀನಾ?” ಅಂತ ಕೇಳಿದೆ. “ಒಮ್ಮೆ ಬಂದು ನೋಡು ಅಪ್ಪ” ಅಂದಳು.

ಮರುದಿನವೇ ಕರೆದುಕೊಂಡು ಹೋದಳು. ಪೇಟೆಯಿಂದ ಅರ್ಧ ಗಂಟೆ ದಾರಿ. ಅದು ಹಿಂದೆ ಹಾಲಿನ ಫಾರ್ಮ್ ಆಗಿದ್ದ ಜಾಗ. ಹಾಲಿನಲ್ಲಿ ಖರ್ಚು ಹುಟ್ಟದೆ ದನಗಳನ್ನು ಮಾರಿದ ಅಲ್ಲಿನ ಕೃಷಿಕರು ಹಟ್ಟಿಗಳನ್ನೇ ಕುದುರೆ ಲಾಯ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಇದಕ್ಕೆ ಲಿವರಿ ಯಾರ್ಡ್ ಅಂತ ಹೆಸರು. ಚಾಕರಿ ಎಲ್ಲ ಲಾಯದವರೇ ಮಾಡುವುದಾದರೆ ಒಂದು ದರ, ಸ್ವಲ್ಪ ಅವರು ಸ್ವಲ್ಪ ನಾವು ಮಾಡುವುದಾದರೆ ಇನ್ನೊಂದು, ಜಾಗ ಮಾತ್ರ ಅವರದ್ದು, ಕೆಲಸವೆಲ್ಲ ನಮ್ಮದು ಎಂದಾದರೆ ಎಲ್ಲಕ್ಕಿಂತ ಕಡಿಮೆ. ಮಗಳ ಕುದುರೆ ಈ ಮೂರನೆಯ ತರದ್ದು. ಕಂದು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ಹೆಸರು ಬಿಸ್ಕಿಟ್!

ದನದವನ ಕಣ್ಣಿಗೆ ಕುದುರೆ

ಐನೂರು ಕಿಲೋ ತೂಗುವ ಪ್ರಾಣಿ. ದಿನಕ್ಕೆ ಎಂಟು–ಹತ್ತು ಕಿಲೋ ಒಣಹುಲ್ಲು ಬೇಕು, 25ರಿಂದ 45 ಲೀಟರ್ ನೀರು ಬೇಕು. ದನದ ಹಾಗೆ ಗಬಗಬನೆ ತಿಂದು, ಮಲಗಿ ಮೆಲುಕು ಹಾಕುವ ಕ್ರಮ ಇಲ್ಲ. ಇದ್ದದ್ದು ಒಂದೇ ಹೊಟ್ಟೆ, ಅದೂ ದೇಹಕ್ಕೆ ಹೋಲಿಸಿದರೆ ಸಣ್ಣದು. ಹಾಗಾಗಿ ಇಡೀ ದಿನ ಚೂರುಚೂರು ಮೇಯುತ್ತಿರಬೇಕು. ಹುಲ್ಲನ್ನು ಬಲೆಯ ಚೀಲದಲ್ಲಿ ತುಂಬಿ ನೇತು ಹಾಕುವುದು ಅದಕ್ಕೇ. ಎಳೆ ಎಳೆಯಾಗಿ ಎಳೆದು ತಿನ್ನುವಾಗ ಹೊತ್ತು ಹೋಗುತ್ತದೆ, ತುಳಿದು ಹಾಳು ಮಾಡುವುದೂ ಕಡಿಮೆ. ಇದನ್ನು ನಮ್ಮ ಬೈಹುಲ್ಲಿಗೂ ಮಾಡಬಹುದಲ್ಲ ಅಂತ ಆಗಲೇ ಅನಿಸಿತು.

ಕುದುರೆ ವಾಂತಿ ಮಾಡಲಾರದು. ತಿಂದದ್ದು ಹೆಚ್ಚಾದರೆ ಹೊಟ್ಟೆಶೂಲೆ. ಅದು ಪ್ರಾಣಕ್ಕೇ ಬರಬಹುದು. ಇನ್ನೊಂದು ಸೋಜಿಗ, ಹೊರಗೆ ಹಸುರು ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೂ ಬಿಸ್ಕಿಟ್‌ಗೆ ಮನಸ್ಸು ಬಂದಷ್ಟು ಮೇಯಲು ಬಿಡುವುದಿಲ್ಲ. ಮೇ ತಿಂಗಳ ಎಳೆ ಹುಲ್ಲಿನಲ್ಲಿ ಸಕ್ಕರೆ ಅಂಶ ಜಾಸ್ತಿ. ಅದು ಹೆಚ್ಚಾದರೆ ಗೊರಸಿನ ಒಳಗೆ ಉರಿಯೂತ ಬಂದು ಕುದುರೆ ಕಾಲೂರದ ಹಾಗಾಗುತ್ತದೆ. ಅದಕ್ಕೆ ಕರೆಂಟು ತಂತಿ ಎಳೆದು ದಿನಕ್ಕೆ ಇಷ್ಟೇ ಅಗಲದ ಪಟ್ಟಿ ಅಂತ ಬಿಡುತ್ತಾರೆ.

ಗೊರಸನ್ನು ದಿನವೂ ಎತ್ತಿ ನೋಡಿ, ಸಿಕ್ಕಿಕೊಂಡ ಕಲ್ಲು ಮಣ್ಣು ಕೊಕ್ಕೆಯಿಂದ ತೆಗೆಯಬೇಕು. ಆರೆಂಟು ವಾರಕ್ಕೊಮ್ಮೆ ಲಾಳ ಹೊಡೆಯುವವರು ಬರಬೇಕು. ಎಲ್ಲ ಕುದುರೆಗೂ ಪಾಸ್‌ಪೋರ್ಟ್ ಇದೆ! 2020ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಮೈಕ್ರೋಚಿಪ್ ಕೂಡ ಕಡ್ಡಾಯ. ನಮ್ಮ ದನದ ಕಿವಿಗೆ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಹಾಕುತ್ತಾರಲ್ಲ, ಹಾಗೆಯೇ ಅನ್ನಿ.

ಅಲ್ಲಿನ ಸಂಜೆಗಳು

ಕೆಲಸ ನಮ್ಮ ಹಟ್ಟಿಯದ್ದೇ. ಒದ್ದೆಯಾದ ಗೋಧಿ ಹುಲ್ಲು, ಲದ್ದಿ ಎಲ್ಲ ಫೋರ್ಕಿನಲ್ಲಿ ಬಾಚಿ ಕೈಗಾಡಿಗೆ ತುಂಬುವುದು, ಗುಪ್ಪೆಗೆ ಸುರಿಯುವುದು, ಹೊಸ ಹುಲ್ಲು ಹರಡುವುದು, ಬಕೆಟ್ ತೊಳೆದು ನೀರು ತುಂಬುವುದು, ಮೈ ಉಜ್ಜುವುದು. ಒಂದು ಕುದುರೆ ದಿನಕ್ಕೆ 15–20 ಕಿಲೋ ಲದ್ದಿ ಹಾಕುತ್ತದೆ. ಗುಪ್ಪೆಯಿಂದ ಹೊಗೆಯ ಹಾಗೆ ಹಬೆ ಏಳುತ್ತಿತ್ತು. ದನದ ಸಗಣಿಗಿಂತ ಇದು ಬೇಗ ಬಿಸಿಯಾಗುತ್ತದೆ. ಗೋಧಿ ಹುಲ್ಲು ಬೆರೆತ ಲದ್ದಿ ಅಣಬೆ ಬೆಳೆಯುವವರ ಕಾಂಪೋಸ್ಟಿಗೂ ಒಳ್ಳೆಯ ಸಾಮಗ್ರಿ.

ರಾತ್ರಿ ಒಂಬತ್ತರ ವರೆಗೂ ಬೆಳಕು. ಕೆಲಸ ಮುಗಿದ ಮೇಲೆ ನಾಲ್ಕೈದು ಜನ ಹುಲ್ಲಿನ ಕಟ್ಟುಗಳ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಒಬ್ಬರು ಶಾಲೆ ಟೀಚರು, ಒಬ್ಬರು ಲಾರಿ ಡ್ರೈವರು, ಇನ್ನೊಬ್ಬರು ಆಸ್ಪತ್ರೆಯ ನರ್ಸು. ಮಾತೆಲ್ಲ ಯಾವ ಕುದುರೆ ಇವತ್ತು ಏನು ಮಾಡಿತು ಅಂತ. ಹುಲ್ಲಿನ ಪರಿಮಳ, ಒಳಗಿನಿಂದ ಕುದುರೆಗಳು ಹುಲ್ಲು ಅಗಿಯುವ ಸದ್ದು. ಆ ಸದ್ದು ಕೇಳುತ್ತಾ ಕೂತರೆ ಏಳಲು ಮನಸ್ಸೇ ಬಾರದು. ಮನೆಯವಳು ಬಿಸ್ಕಿಟ್‌ನ ಕುತ್ತಿಗೆ ತುರಿಸುತ್ತಾ, “ನಮ್ಮ ಹಟ್ಟಿಯಲ್ಲೂ ಹೀಗೆಯೇ ಸದ್ದು ಕೇಳ್ತದೆ. ಕೂತು ಕೇಳ್ಲಿಕ್ಕೆ ನಮಗೆ ಪುರುಸೊತ್ತು ಎಲ್ಲಿತ್ತು?” ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ.

ನಾನು ಮಾಡಿದ ಎಡವಟ್ಟು

ಎರಡನೆಯ ವಾರ, ಒಂದು ಬುಧವಾರ. ಮಗಳು ಜೀನು ತರಲು ಹೋಗಿದ್ದಳು. ಬಿಸ್ಕಿಟ್ ಬಾಗಿಲ ಮೇಲಿಂದ ತಲೆ ಹಾಕಿ ನನ್ನನ್ನೇ ನೋಡುತ್ತಿತ್ತು. ಪಾಪ, ಹಸಿವು ಅಂತ ಡಬ್ಬದಿಂದ ಎರಡು ಪಾತ್ರೆ ಧಾನ್ಯದ ತಿಂಡಿ ತೆಗೆದು ಹಾಕಿಬಿಟ್ಟೆ. ಅವಳು ಬಂದವಳು ಖಾಲಿ ಬಕೆಟ್ ನೋಡಿ ಬೆಚ್ಚಿದಳು. ಅರ್ಧ ಗಂಟೆ ಹಿಂದೆಯಷ್ಟೇ ತಿಂಡಿ ಕೊಟ್ಟಾಗಿತ್ತಂತೆ! ಗೋಡೆಯ ಹಲಗೆಯಲ್ಲಿ ಬರೆದೂ ಇತ್ತು. ನಾನು ಓದಿರಲಿಲ್ಲ, ಕೇಳಿಯೂ ಇರಲಿಲ್ಲ.

ಅವಳು ಮೊದಲು ಮಾಡಿದ ಕೆಲಸ ಒಡತಿಗೆ ಫೋನ್. ಮುಚ್ಚಿಡಲಿಲ್ಲ. ಒಡತಿ ಬೈಯಲಿಲ್ಲ, ಏನೇನು ಗಮನಿಸಬೇಕು ಅಂತ ಹೇಳಿದರು. ಹೊಟ್ಟೆಯ ಕಡೆ ತಿರುತಿರುಗಿ ನೋಡುತ್ತದೆಯೇ, ನೆಲ ಕೆರೆಯುತ್ತದೆಯೇ, ಬಿದ್ದು ಹೊರಳುತ್ತದೆಯೇ, ಬೆವರುತ್ತದೆಯೇ, ಲದ್ದಿ ಹಾಕುತ್ತದೆಯೇ. ಇದರಲ್ಲಿ ಏನು ಕಂಡರೂ ಕೂಡಲೇ ಡಾಕ್ಟರು. ಆ ದಿನ ಸವಾರಿ ಇಲ್ಲ. ರಾತ್ರಿ ಹತ್ತೂವರೆಯ ವರೆಗೆ ಲಾಯದಲ್ಲೇ ಕೂತೆವು. ಕೊನೆಗೆ ಬಿಸ್ಕಿಟ್ ಎಂದಿನ ಹಾಗೆ ಲದ್ದಿ ಹಾಕಿತು. ಲದ್ದಿ ಕಂಡು ಅಷ್ಟು ಸಂತೋಷ ನನಗೆ ಜೀವಮಾನದಲ್ಲಿ ಆದದ್ದಿಲ್ಲ!

ಇಬ್ಬರ ಕೈಯ ಪ್ರಾಣಿಗೆ ಇರುವ ಅಪಾಯ ಇದೇ. ಇಬ್ಬರೂ ಕೊಟ್ಟಾರು, ಇಲ್ಲವೇ ಇಬ್ಬರೂ ಬಿಟ್ಟಾರು. ಪ್ರೀತಿಯಿಂದ ತಡೆಯಲಾಗದ್ದನ್ನು ಒಂದು ಹಲಗೆ, ಒಂದು ಪೆನ್ನು ತಡೆಯುತ್ತದೆ. ಪಾಲಿನ ವಿಷಯಗಳನ್ನು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ ಅಂತ ಬ್ರಿಟಿಷ್ ಹಾರ್ಸ್ ಸೊಸೈಟಿಯೂ ಸಲಹೆ ಕೊಡುತ್ತದೆ. ಮಗಳೂ ಒಡತಿಯೂ ಹಾಗೆಯೇ ಮಾಡಿಕೊಂಡಿದ್ದರು.

ಊರಿಗೆ ಬಂದ ಮೇಲೆ

ಜೂನ್ ಮೊದಲ ವಾರ ಬಂದು ನೋಡಿದರೆ ದನ ಮೈತುಂಬಿಕೊಂಡಿತ್ತು. ಆಚೆಮನೆಯ ಎರಡು ಮಕ್ಕಳು ಹಟ್ಟಿ ಬಾಗಿಲಲ್ಲೇ. ಅವರಿಗೆ ಸ್ವಂತ ದನ ಇಲ್ಲ, ಕಟ್ಟಲು ಹಟ್ಟಿಯೂ ಇಲ್ಲ. ಮುನ್ನೂರು ಅಡಿಕೆ ಮರಕ್ಕೆ ಗೊಬ್ಬರ ಕ್ರಯಕ್ಕೆ ತರುವವರು. “ಕೊಡುವುದಾದರೆ ನಮಗೆ ಮೊದಲು ಹೇಳಿ” ಅಂದರು. ಮನೆಯವಳೇ ಬಾಯಿ ಬಿಟ್ಟಳು. “ಪೂರ್ತಿ ಕೊಡುವುದು ಬೇಡ. ಪಾಲು ಮಾಡುವನಾ?”

ಹಾಗೆ ಶುರುವಾಯಿತು. ದನ ನಮ್ಮದು, ಇರುವುದು ನಮ್ಮ ಹಟ್ಟಿಯಲ್ಲೇ. ವಾರದಲ್ಲಿ ನಾಲ್ಕು ದಿನ ಅವರು, ಮೂರು ದಿನ ನಾವು. ಯಾರ ದಿನವೋ ಅವರಿಗೆ ಹಾಲು. ಹಿಂಡಿ, ಬೈಹುಲ್ಲು, ಡಾಕ್ಟರ ಖರ್ಚು ಅರ್ಧ ಅರ್ಧ. ಗೊಬ್ಬರವೂ ಅರ್ಧ ಅರ್ಧ.

ಎಲ್ಲ ಸುಸೂತ್ರ ಅಂತ ಹೇಳಿದರೆ ಸುಳ್ಳಾದೀತು. ಕರೆಯುವ ಕೈ ದಿನ ಬಿಟ್ಟು ದಿನ ಬದಲಾದಾಗ ದನ ಮೊದಲ ವಾರ ಹಾಲು ಏರಿಸಿಕೊಂಡಿತು. ಹೊತ್ತು ತಪ್ಪಿಸದೆ, ಒಂದೇ ಕ್ರಮದಲ್ಲಿ ಕೆಚ್ಚಲು ತೊಳೆದು ಕರೆಯಲು ತೊಡಗಿದ ಮೇಲೆ ಸರಿಯಾಯಿತು. ದೊಡ್ಡ ನಷ್ಟ ಆದದ್ದು ಜುಲೈಯಲ್ಲಿ. ಒಂದು ರಾತ್ರಿ ದನ ಕೂಗಿತು. ಬೆದೆ ಅಂತ ನನಗೆ ಗೊತ್ತಾಯಿತು. ಬೆಳಗ್ಗೆ ಅವರ ಸರದಿ, ಇಂಜೆಕ್ಷನಿನವರಿಗೆ ಅವರೇ ಹೇಳ್ತಾರೆ ಅಂತ ನಾನು. ರಾತ್ರಿ ಕೂಗಿದ್ದು ಇವರ ಸರದಿಯಲ್ಲಿ, ಇವರೇ ಹೇಳಿರ್ತಾರೆ ಅಂತ ಅವರು. ಬೆದೆ ಇರುವುದು ಹನ್ನೆರಡು–ಹದಿನೆಂಟು ಗಂಟೆ. ಗೊತ್ತಾಗುವಾಗ ಹೊತ್ತು ಮೀರಿತ್ತು. ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು! ಎರಡು ಮನೆಯ ನಡುವೆ ಎರಡು ದಿನ ಮಾತು ಕಡಿಮೆಯಾಯಿತು.

ಆಗ ಬಿಸ್ಕಿಟ್‌ನ ಹಲಗೆ ನೆನಪಾಯಿತು. ಗೋಡೆಗೆ ಕ್ಯಾಲೆಂಡರ್ ತೂಗಿಸಿ, ನೂಲಿನಲ್ಲಿ ಪೆನ್ಸಿಲ್ ಕಟ್ಟಿದೆವು. ಹಿಂಡಿ ಎಷ್ಟು, ಹಾಲು ಎಷ್ಟು, ಬೆದೆ, ಔಷಧಿ, ಎಲ್ಲ ಅದರಲ್ಲಿ. ಕಂಡವರು ಬರೆಯಬೇಕು, ಬರೆದವರೇ ಫೋನೂ ಮಾಡಬೇಕು. ಮುಂದಿನ ಬೆದೆ ತಪ್ಪಲಿಲ್ಲ. ದನ ಕಟ್ಟಿತು, ಮರುವರ್ಷ ಹೆಣ್ಣು ಕರು ಹಾಕಿತು.

ಪಾಲಿಗೆ ಮೊದಲು ಮಾತಾಡಿಕೊಳ್ಳಿ

* ಒಡೆತನ ಯಾರದ್ದು, ಹುಟ್ಟುವ ಕರು ಯಾರದ್ದು.
* ಯಾರಿಗೆ ಯಾವ ದಿನ. ನೆಂಟರ ಮನೆಗೆ ಹೋಗಲಿದ್ದರೆ ಎಷ್ಟು ಮೊದಲು ತಿಳಿಸಬೇಕು.
* ಆಹಾರದ ಅಳತೆ. ಇಬ್ಬರಿಗೂ ಒಂದೇ ಸೇರು, ಒಂದೇ ಡಬ್ಬ.
* ಡಾಕ್ಟರನ್ನು ಕರೆಸಲು ಮತ್ತೊಬ್ಬರ ಅಪ್ಪಣೆಗೆ ಕಾಯಬೇಕೇ? ಬೇಡ ಅಂತಲೇ ಬರೆದಿಡಿ.
* ದನ ಗಬ್ಬದಲ್ಲಿದ್ದು ಹಾಲು ಬತ್ತಿದಾಗಲೂ ಸರದಿ ತಪ್ಪಬಾರದು. ಪಾಲು ಮುರಿಯುವುದು ಹೆಚ್ಚಾಗಿ ಆಗಲೇ.
* ಸಾಕೆನಿಸಿದರೆ ಬಿಡುವ ಕ್ರಮ. ಒಂದು ತಿಂಗಳ ಮುನ್ಸೂಚನೆ ಸಾಕು.

ಇದು ಎಲ್ಲರಿಗೂ ಆಗುವ ವ್ಯವಸ್ಥೆ ಅಂತ ನಾನು ಹೇಳಲಾರೆ. ಎರಡು ಮನೆ ಕೂಗಳತೆಯಲ್ಲಿ ಇರಬೇಕು, ಲೆಕ್ಕ ಚೊಕ್ಕ ಇರಬೇಕು. ಆದರೆ ನೆರೆಕರೆಯಲ್ಲಿ ಹಟ್ಟಿಗಳು ಒಂದೊಂದೇ ಖಾಲಿಯಾಗುತ್ತಿವೆ. ಕಾರಣ ಕೇಳಿದರೆ “ದನ ಇದ್ದರೆ ಎಲ್ಲಿಗೂ ಹೋಗುವ ಹಾಗಿಲ್ಲ” ಅಂತಲೇ ಉತ್ತರ. ಹಟ್ಟಿ ಕೆಡಹುವ ಮೊದಲು ಆಚೆಮನೆಯವರ ಹತ್ತಿರ ಒಮ್ಮೆ ಕೇಳಿ ನೋಡಬಹುದಲ್ಲ?

ನಮ್ಮ ಪಾಲಿಗೆ ಎರಡು ವರ್ಷ ದಾಟಿತು. ಮನೆಯವಳ ಮೊಣಕಾಲಿಗೆ ವಾರದಲ್ಲಿ ನಾಲ್ಕು ದಿನ ರಜೆ. ಆದರೂ ರಜೆಯ ದಿನ ಸಂಜೆ ಅವಳು ಇರುವುದು ಹಟ್ಟಿಯಲ್ಲೇ, ಮೆಟ್ಟಿಲ ಮೇಲೆ ಚಹಾ ಹಿಡಿದುಕೊಂಡು. ಯಾಕೆ ಅಂತ ಕೇಳಿದರೆ “ದನ ಹುಲ್ಲು ತಿನ್ನುವ ಸದ್ದು ಕೇಳ್ತಾ ಇದ್ದೇನೆ” ಅನ್ನುತ್ತಾಳೆ.