ಡರ್ಬಿ ಜ್ವರ ಬರೋದು ಕುದುರೆಗಲ್ಲ, ಮಾಲೀಕನಿಗೆ!

ಅಮೆರಿಕದ ಕೆಂಟಕಿ ಡರ್ಬಿ 1875ರಿಂದ ನಡೀತಿರೋ ರೇಸು. ಮೇ ತಿಂಗಳ ಮೊದಲ ಶನಿವಾರ, ಸುಮಾರು 2 ಕಿಲೋಮೀಟರ್ ಓಟ. ಮೂರು ವರ್ಷದ ಕುದುರೆಗಳಿಗೆ ಮಾತ್ರ ಅವಕಾಶ. ಅಂದ್ರೆ, ಜೀವಮಾನದಲ್ಲಿ ಒಂದೇ ಚಾನ್ಸ್. ಮಾಲೀಕರಿಗೆ ‘ಡರ್ಬಿ ಜ್ವರ’ ಹತ್ತೋದು ಇಲ್ಲೇ.

ಒಂದು ವಿಚಿತ್ರ ನೋಡಿ. ಅಲ್ಲಿ ಎಲ್ಲ ರೇಸ್ ಕುದುರೆಗಳಿಗೂ ಹುಟ್ಟುಹಬ್ಬ ಜನವರಿ 1. ಮೇ ಕೊನೆಗೆ ಹುಟ್ಟಿದ ಮರಿಗೆ ಡರ್ಬಿ ದಿನ ಕಾಗದದಲ್ಲಿ ಮೂರು ವರ್ಷ. ನಿಜದಲ್ಲಿ ಮೂರು ತುಂಬಿರೋದೇ ಇಲ್ಲ! ಮೂಳೆಗೆ ಕಾಗದ ಓದೋಕೆ ಬರುತ್ತಾ? ಅದು ಗಟ್ಟಿಯಾಗೋದು ಹಂತಹಂತದ ತಾಲೀಮಿನಿಂದ, ನಡುವಿನ ವಿಶ್ರಾಂತಿಯಿಂದ. ಕೂದಲೆಳೆಯಷ್ಟು ಬಿರುಕು ಮಾಯೋಕೆ ಬಿಡದಿದ್ರೆ, ಒಂದು ದಿನ ಕಾಲೇ ಮುರಿಯಬಹುದು.

ಟ್ರೈನರ್‌ಗೆ ಇದು ಗೊತ್ತು. ಆದರೆ ತಿಂಗಳ ಬಿಲ್ ಕಟ್ಟೋನು ಮಾಲೀಕ. ‘ಈ ಸಲ ಬೇಡ’ ಅಂದ್ರೆ ಕುದುರೆ ನಾಳೆ ಇನ್ನೊಬ್ಬರ ಲಾಯದಲ್ಲಿರುತ್ತೆ.

2023ರಲ್ಲಿ ಆರ್ಕಾಂಜೆಲೊ ಅನ್ನೋ ಕುದುರೆ ಡರ್ಬಿಯಲ್ಲಿ ಓಡಲೇ ಇಲ್ಲ. ಜೂನ್‌ನಲ್ಲಿ ಬೆಲ್ಮಾಂಟ್ ಗೆದ್ದಿತು. ಆಗಸ್ಟ್‌ನಲ್ಲಿ ಡರ್ಬಿಯಷ್ಟೇ ದೂರದ ಟ್ರಾವರ್ಸ್ ಕೂಡ ಗೆದ್ದಿತು. ಅದರ ಟ್ರೈನರ್ ಜೆನಾ ಆಂಟೊನುಚಿ, ಬೆಲ್ಮಾಂಟ್ ಗೆದ್ದ ಮೊದಲ ಮಹಿಳಾ ಟ್ರೈನರ್.

ಕಾದರೆ ಕಳೆದುಕೊಳ್ಳೋದು ಒಂದು ಶನಿವಾರ. ಓಡಿಸಬೇಕೋ ಬೇಡವೋ ಅನ್ನೋ ಕೊನೇ ಮಾತು ದುಡ್ಡು ಹಾಕಿದವರದ್ದಾ, ದಿನಾ ಬೆಳಗ್ಗೆ ಕಾಲು ಮುಟ್ಟಿ ನೋಡಿದವರದ್ದಾ? ನೀವೇ ಹೇಳಿ.