ಕಲಿಸಲು ಬಂದವರು ಕಲಿತರು

ಶಿವಮೊಗ್ಗೆಯ ಕಡೆಯವನಾದ ನಾನು ಬೆಳಗಾವಿಯ ಕಾಲೇಜೊಂದಕ್ಕೆ ಕನ್ನಡ ಅಧ್ಯಾಪಕನಾಗಿ ಬಂದು, ಹಿಂಡಲಗಾದಲ್ಲಿ ಬಾಡಿಗೆಯ ಮನೆ ಹಿಡಿದು ಆರು ವರ್ಷಗಳಾದುವು. ನೆರೆಮನೆಯ ಅಜ್ಜಿಯ ಮಾತು ಮರಾಠಿ, ನನ್ನದು ಕನ್ನಡ. ಆಕೆ ನನಗಾಗಿ "ಊಟ ಆಯ್ತೇನ್ರಿ?" ಎಂಬಷ್ಟು ಕನ್ನಡ ಕಲಿತರು. ನಾನಾದರೋ ಆಕೆಗೆ ಉತ್ತರವಾಗಿ ಮುಗುಳ್ನಗೆಯೊಂದನ್ನು ಬಿಟ್ಟು ಬೇರೇನನ್ನೂ ಕಲಿಯಲಿಲ್ಲ. ಕಲಿಸುವವನಿಗೆ ಕಲಿಯಲು ಬಿಡುವೆಲ್ಲಿ?

ಕಳೆದ ಮಳೆಗಾಲದ ಒಂದು ರಾತ್ರಿ ಆ ಅಜ್ಜಿ ನಮ್ಮ ಮನೆಯ ಬಾಗಿಲು ತಟ್ಟಿದರು. ಅವರ ಅವಸರದ ಮಾತಿನಲ್ಲಿ ನನ್ನ ಕಿವಿಗೆ ಸಿಕ್ಕಿದ್ದು ಎರಡೇ ಶಬ್ದಗಳು: 'ಛಾತಿ' ಮತ್ತು 'ದುಖ'. ಕನ್ನಡದಲ್ಲಿ ಛಾತಿಯೆಂದರೆ ಧೈರ್ಯ. ದುಃಖವೋ, ಎಲ್ಲರಿಗೂ ತಿಳಿದದ್ದೇ. ಯಾವುದೋ ಕೆಟ್ಟ ಸುದ್ದಿ ಕೇಳಿ ಆಕೆ ಧೈರ್ಯಗುಂದಿದ್ದಾರೆಂದು ಬಗೆದು, ಕುಳ್ಳಿರಿಸಿ, ನೀರು ಕೊಟ್ಟು, ಸಮಾಧಾನ ಹೇಳತೊಡಗಿದೆನು. ಅಷ್ಟರಲ್ಲಿ ಅವರ ಮೊಮ್ಮಗನು ಓಡಿಬಂದು, "ಸರ್, ಅಜ್ಜನಿಗೆ ಎದೆನೋವು!" ಎಂದನು. ಮರಾಠಿಯಲ್ಲಿ ಛಾತಿಯೆಂದರೆ ಎದೆ. 'ದುಖಣೆ' ಎಂದರೆ ನೋಯುವುದು. ರಿಕ್ಷಾ ತರಿಸಿ ಆಸ್ಪತ್ರೆಗೆ ಕರೆದೊಯ್ದೆವು. ದೈವಕೃಪೆಯಿಂದ ಅಜ್ಜ ಉಳಿದುಕೊಂಡರು. ಆದರೆ ನನ್ನ ಸಮಾಧಾನದ ಮಾತುಗಳು ನುಂಗಿದ ಆ ಐದು ನಿಮಿಷಗಳು ಇಂದಿಗೂ ನನ್ನನ್ನು ಚುಚ್ಚುತ್ತಿವೆ.

ಮರುವಾರ ತರಗತಿಯಲ್ಲಿ ಕಿಟ್ಟೆಲರ ಕನ್ನಡ ನಿಘಂಟಿನ ವಿಷಯವಾಗಿ ಪಾಠ ಹೇಳಬೇಕಾಗಿತ್ತು. ಹಲವು ಸಲ ಹೇಳಿದ ಪಾಠವೇ. ಆದರೆ ಈ ಸಲ ಗಡ್ಡದ ವಿದ್ವಾಂಸರ ಬದಲಿಗೆ, ಪರಊರಿನ ಅಂಗಳದಲ್ಲಿ ಮಾತು ಬಾರದೆ ನಿಂತ 21 ವರ್ಷದ ತರುಣನೊಬ್ಬನು ನನ್ನ ಕಣ್ಣೆದುರು ಬಂದನು.

ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನಲ್ಲಿ ಶಿಕ್ಷಣ ಪಡೆದು 1853ರಲ್ಲಿ ಮಂಗಳೂರಿಗೆ ಬಂದರು. ಸುಯೆಜ್ ಕಾಲುವೆ ತೆರೆಯಲು ಇನ್ನೂ 16 ವರ್ಷಗಳಿದ್ದುವು. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರಬೇಕಾದರೆ ತಿಂಗಳುಗಳನ್ನು ಎಣಿಸಬೇಕಾದ ಕಾಲವದು. ಮದುವೆಯಾಗಬೇಕೆಂದರೂ ಬಾಸೆಲಿನ ಸಮಿತಿಯ ಅಪ್ಪಣೆ ಬೇಕಾಗಿತ್ತು!

ಅಂಥ ತರುಣ ಮಿಶನರಿಯ ದಿನಚರಿಯಲ್ಲಿ ಮೊದಲ ಕೆಲಸ ಉಪದೇಶವಲ್ಲ, ಭಾಷಾಭ್ಯಾಸ. ದೇವರ ಮಾತನ್ನು ಹೇಳಲು ಬಂದವನು ಮೊದಲು ಊರಿನವರ ಮಾತನ್ನು ಕೇಳಬೇಕು. ಅದೇನು ಸುಲಭವೇ? ಜರ್ಮನಿಯ ನಾಲಗೆಗೆ 'ಳ'ಕಾರವೊಂದು ಕಬ್ಬಿಣದ ಕಡಲೆ. ಹಾಲು ಬೇಕೆಂದು ಹೋಗಿ ಹಾಳು ಬೇಡಿದರೆ ಯಾವ ಗೃಹಿಣಿ ನಗುವುದಿಲ್ಲ? ಪುಸ್ತಕದ 'ಬರುತ್ತೇನೆ' ಧಾರವಾಡದ ಬೀದಿಯಲ್ಲಿ 'ಬರ್ತೇನ್ರಿ' ಆಗುತ್ತದೆ. ಮಾತಿನ ತುದಿಯ ಆ ಒಂದು 'ರಿ' ಬಿಟ್ಟುಹೋದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಇವನ್ನೆಲ್ಲ ಯಾವ ವ್ಯಾಕರಣವೂ ತಾನಾಗಿ ಕಲಿಸದು, ಜನರೇ ಕಲಿಸಬೇಕು.

ಇಂಥವರು ನಮ್ಮ ಸೀಮೆಗೆ ಅದಕ್ಕೂ ಮೊದಲೇ ಬಂದಿದ್ದರು. ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿಯೇ ಬಳ್ಳಾರಿಯಿಂದ ಬೆಳಗಾವಿಗೆ ಬಂದು ನೆಲಸಿದರು. 1837ರಲ್ಲಿ ಬಾಸೆಲಿನವರು ಧಾರವಾಡದಲ್ಲಿ ನೆಲೆಯೂರಿದರು. ಅವರಲ್ಲಿ ಹಿರಿಯರಾದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯೆಂದು ಅದನ್ನು ಇಂದಿಗೂ ನೆನೆಯುತ್ತೇವೆ.

ಕಿಟ್ಟೆಲರ ಹಾದಿ ಇವರೆಲ್ಲರಿಗಿಂತ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜನರ ನಡುವೆ ಜನರಂತೆಯೇ ಬಾಳಬೇಕೆಂಬ ಹಂಬಲ ಅವರದು. ಹಾಗೆ ಬಾಳಹೊರಟವನಿಗೆ ತನ್ನವರಲ್ಲಿಯೇ ಹೊರಗಿನವನಾಗುವ ಕಷ್ಟ ತಪ್ಪಲಿಲ್ಲ. ಊರಿನವರ ಕಣ್ಣಿಗೆ ಬಿಳಿಯ ಪಾದ್ರಿ, ಪಾದ್ರಿಗಳ ಕಣ್ಣಿಗೆ ವಿಚಿತ್ರ ಮನುಷ್ಯ! ಸಂಸಾರದಲ್ಲಿಯೂ ದುಃಖ ಕಾದಿತ್ತು. 1864ರಲ್ಲಿ ಪತ್ನಿ ಪೌಲೀನೆ ತೀರಿಕೊಂಡರು.

ಆದರೂ ಕಲಿಕೆ ನಿಲ್ಲಲಿಲ್ಲ. ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದ 'ಕಥಾಮಾಲೆ' 1862ರಲ್ಲಿ ಬಂದಿತ್ತು. ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ ನಾಗವರ್ಮನ 'ಛಂದೋಂಬುಧಿ'ಯನ್ನೂ ಅವರು ಸಂಪಾದಿಸಿದರು. ಕೊನೆಗೆ 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಅಚ್ಚಾಯಿತು. ಹಳಗನ್ನಡ ಕವಿಗಳ ಪ್ರಯೋಗದ ಮಗ್ಗುಲಲ್ಲಿಯೇ ಬೀದಿಯ ಗಾದೆಗೂ ಅದರಲ್ಲಿ ಸ್ಥಾನವುಂಟು. 1903ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಅವರು ಕಣ್ಣುಮುಚ್ಚಿದರು.

ಮಿಶನರಿಗಳು ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಚಬೇಕಾಗಿಲ್ಲ, ಆ ಬಗ್ಗೆ ಆಕ್ಷೇಪವಿರುವವರು ಅಂದೂ ಇದ್ದರು, ಇಂದೂ ಇದ್ದಾರೆ. ನನಗೆ ಕಾಣುವ ಮಾತು ಬೇರೆ. ಅವರು ಕಲಿಸಲೆಂದು ತಂದುದನ್ನು ಸ್ವೀಕರಿಸಿದ ಕನ್ನಡಿಗರು ಕೆಲವರು. ಕಿಟ್ಟೆಲರು ಕಲಿತುದರ ಫಲವನ್ನು ಉಣ್ಣುತ್ತಿರುವವರು ನಾವೆಲ್ಲರೂ. ಉಪದೇಶಕನ ಪೀಠದಿಂದ ಇಳಿದು ವಿದ್ಯಾರ್ಥಿಯ ಚಾಪೆಯ ಮೇಲೆ ಕುಳಿತವನಿಗಷ್ಟೇ ಪರರ ಮಾತು ಒಲಿಯುತ್ತದೆ.

ಅಷ್ಟು ದೂರದಿಂದ ಬಂದವನು 70,000 ಶಬ್ದಗಳನ್ನು ಕೂಡಿಸಿದನು. ನಾನು ಆರು ವರ್ಷಗಳಲ್ಲಿ ಒಂದು ಗೋಡೆಯಾಚೆಯ 'ಎದೆ'ಯನ್ನು ಅರಿಯಲಿಲ್ಲ. ಗಡಿಯ ಊರಿನಲ್ಲಿ ಭಾಷೆಯೆಂದೊಡನೆ ವಾದ ಏಳುತ್ತದೆ. ನನ್ನ ಕನ್ನಡದ ಅಭಿಮಾನ ಎಳ್ಳಷ್ಟೂ ಕಡಿಮೆಯಾಗಿಲ್ಲ. ಆದರೆ ನೆರೆಯವರ ನೋವು ತಿಳಿಯುವಷ್ಟು ಅವರ ನುಡಿಯನ್ನು ಕಲಿತರೆ ಅಭಿಮಾನಕ್ಕೆ ಕುಂದೇನು?

ಈಗ ಸಂಜೆಯ ಹೊತ್ತು ಮೊಮ್ಮಗನ ಹಳೆಯ ಮರಾಠಿ ಪಾಠಪುಸ್ತಕ ಹಿಡಿದು ಅವರ ಜಗಲಿಯ ಮೇಲೆ ಕೂರುತ್ತೇನೆ. ಹುಡುಗನು ಗುರು, ಅಜ್ಜಿ ಪರೀಕ್ಷಕರು. ತಪ್ಪಿದಾಗ ಇಬ್ಬರೂ ನಗುತ್ತಾರೆ. ಮೊನ್ನೆ ಅಜ್ಜನನ್ನು ಮರಾಠಿಯಲ್ಲಿಯೇ, "ಎದೆ ಹೇಗಿದೆ?" ಎಂದು ಕೇಳಿದೆನು. ಅವರು ಸಂತೋಷದಿಂದ ಉದ್ದನೆಯ ಉತ್ತರ ಕೊಟ್ಟರು. ಅರ್ಧವೂ ತಿಳಿಯಲಿಲ್ಲ. ಈ ಸಲ ಮಾತ್ರ ಮುಗುಳ್ನಕ್ಕು ಸುಮ್ಮನಾಗದೆ, "ಇನ್ನೊಮ್ಮೆ ಹೇಳಿ" ಎಂದೆನು.